ಹೊಸ ವರ್ಷದ ಮೊದಲ ಪೀರಿಯಡ್‌ನಲ್ಲಿ ಮಕ್ಕಳ ಜೊತೆ ಏನು ಮಾಡಬಹುದು?

ಪ್ರಶ್ನೆ: ನಾನು ಆರನೇ ತರಗತಿಯ ಶಿಕ್ಷಕಿ. ತರಗತಿಯಲ್ಲಿ 38 ಮಕ್ಕಳಿದ್ದಾರೆ. ಜನವರಿಯಲ್ಲಿ ಶಾಲೆ ಶುರುವಾಗುವ ದಿನ ಹೊಸ ವರ್ಷದ ಆಚರಣೆಗೆಂದು ನನಗೆ ಒಂದು ಪೀರಿಯಡ್, ಅಂದರೆ 40 ನಿಮಿಷ ಸಿಕ್ಕಿದೆ. ಹೋದ ವರ್ಷ ಕೇಕ್ ಕತ್ತರಿಸಿದೆವು, ಹಾಡು ಹಾಕಿ ಕುಣಿದರು, ದೊಡ್ಡ ಚಾರ್ಟ್ ಮೇಲೆ ಎಲ್ಲರೂ ತಂತಮ್ಮ ಸಂಕಲ್ಪ ಬರೆದರು. ತಿಂಗಳು ಮುಗಿಯುವ ಹೊತ್ತಿಗೆ ಆ ಚಾರ್ಟ್ ಕಡೆ ಯಾರೂ ತಿರುಗಿ ನೋಡಲಿಲ್ಲ. ಒಂದಿಬ್ಬರು ಪಾಲಕರು 'ಇದು ನಮ್ಮ ಹೊಸ ವರ್ಷವೇ ಅಲ್ಲ' ಎಂದರು. ಈ ಸಲ ಮಕ್ಕಳಿಗೆ ಖುಷಿಯೂ ಆಗಬೇಕು, ಮಾಡಿದ್ದಕ್ಕೆ ಏನಾದರೂ ಅರ್ಥವೂ ಇರಬೇಕು. ಹೇಗೆ ಮಾಡಲಿ?

ಉತ್ತರ: ಕೇಕ್ ಬಗ್ಗೆ ನನ್ನದೇನೂ ತಕರಾರಿಲ್ಲ ಮೇಡಂ. ಹಾಡು, ಕುಣಿತದ ಬಗ್ಗೆ ಅಂತೂ ಇಲ್ಲವೇ ಇಲ್ಲ. ತಕರಾರಿರುವುದು ಆ ಚಾರ್ಟ್ ಬಗ್ಗೆ. ಇಡೀ ತರಗತಿ ನೋಡುತ್ತಿರುವಾಗ, ಹಿಂದೆ ಮೂವತ್ತು ಜನ ಸಾಲಿನಲ್ಲಿ ಕಾಯುತ್ತಿರುವಾಗ, ಸ್ಕೆಚ್ ಪೆನ್ ಹಿಡಿದ ಮಗು ಏನು ಬರೆಯುತ್ತದೆ? 'ಚೆನ್ನಾಗಿ ಓದುತ್ತೇನೆ.' ಅದರ ಹಿಂದಿನವಳು 'ಇನ್ನೂ ಚೆನ್ನಾಗಿ ಓದುತ್ತೇನೆ.' ನಾಲ್ಕನೆಯವನು 'ತಂದೆ ತಾಯಿಯ ಮಾತು ಕೇಳುತ್ತೇನೆ.' ಟೀಚರ್‌ಗೆ ಯಾವ ಮಾತು ಇಷ್ಟ ಎನ್ನುವುದು ಆರನೇ ತರಗತಿಯ ಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತು. ಅದನ್ನು ಬರೆದು ಕೈತೊಳೆದುಕೊಳ್ಳುತ್ತಾರೆ. ತಮ್ಮದಲ್ಲದ ಸಂಕಲ್ಪವನ್ನು ಅವರು ಮರೆತರೆ ತಪ್ಪೇನು?

ಇನ್ನೊಂದು ವಿಷಯ. ಕ್ಯಾಲೆಂಡರಿಗೆ ಜನವರಿ ಆರಂಭವಿರಬಹುದು, ನಿಮ್ಮ ತರಗತಿಗೆ ಅದು ನಡುದಾರಿ. ಈ 38 ಮಕ್ಕಳು ಅದೇ ಕೋಣೆಯಲ್ಲಿ ಆಗಲೇ ಅರ್ಧಕ್ಕಿಂತ ಹೆಚ್ಚು ವರ್ಷ ಕಳೆದಿದ್ದಾರೆ. ಜಗಳವಾಡಿದ್ದಾರೆ, ಕೂತ ಜಾಗ ಬದಲಾಗಿದೆ, ಒಂದಷ್ಟು ಕಲಿತಿದ್ದಾರೆ, ಒಂದಷ್ಟು ಕೈಬಿಟ್ಟಿದ್ದಾರೆ. ಇದನ್ನೆಲ್ಲ ಪಕ್ಕಕ್ಕಿಟ್ಟು 'ಇವತ್ತಿನಿಂದ ಎಲ್ಲ ಹೊಸದು' ಎಂದರೆ ಮಕ್ಕಳು ನಂಬುವುದಿಲ್ಲ. ಹಾಗಾಗಿ ನನ್ನ ಸಲಹೆ ಇಷ್ಟೇ: ಮೊದಲು ಹಿಂದಕ್ಕೆ ನೋಡಲಿ, ಅದೂ ಒಟ್ಟಿಗೆ ನೋಡಲಿ. ಆಮೇಲೆ ಉಳಿದಿರುವ ತಿಂಗಳುಗಳಿಗೆ ಒಂದೇ ಒಂದು ಚಿಕ್ಕ ಕೆಲಸ ಆರಿಸಿಕೊಳ್ಳಲಿ. ಸಿಕ್ಕಿರುವ 40 ನಿಮಿಷದಲ್ಲಿ 15 ನಿಮಿಷ ಹಿನ್ನೋಟಕ್ಕೆ, 10 ನಿಮಿಷ ಗ್ಲೋಬ್ ಮತ್ತು ಕ್ಯಾಲೆಂಡರಿಗೆ, 10 ನಿಮಿಷ ಸಂಕಲ್ಪಕ್ಕೆ. ಮಿಕ್ಕಿದ್ದು ಹಾಡಿಗೆ. ಹೊತ್ತು ಸಾಲದೆ ಹೋದರೆ ಗ್ಲೋಬನ್ನು ಮರುದಿನಕ್ಕೆ ಹಾಕಿ, ಹಿನ್ನೋಟವನ್ನು ಮಾತ್ರ ಮೊಟಕು ಮಾಡಬೇಡಿ.

ಹಿನ್ನೋಟವನ್ನು ಹೀಗೆ ಮಾಡಿ. ಮಕ್ಕಳು ಬರುವ ಮೊದಲೇ ಬೋರ್ಡ್ ಮೇಲೆ ಈ ತುದಿಯಿಂದ ಆ ತುದಿಗೆ ಒಂದು ಗೆರೆ ಎಳೆದು, ಶಾಲೆ ಶುರುವಾದ ತಿಂಗಳಿನಿಂದ ಡಿಸೆಂಬರ್‌ವರೆಗೆ ಗುರುತು ಹಾಕಿಡಿ. ಒಬ್ಬೊಬ್ಬರಿಗೂ ಅಂಗೈ ಅಗಲದ ಒಂದು ಚೀಟಿ. ಪ್ರಶ್ನೆ ಒಂದೇ: 'ಈ ಕೋಣೆಯಲ್ಲಿ ನಡೆದದ್ದರಲ್ಲಿ ನಿನಗೆ ಚೆನ್ನಾಗಿ ನೆನಪಿರುವ ಒಂದು ಸಂಗತಿ ಯಾವುದು? ಯಾವಾಗ, ಯಾರಿದ್ದರು, ಏನಾಯಿತು?' 'ಏನು ಕಲಿತೆ' ಎಂದು ಮಾತ್ರ ಕೇಳಬೇಡಿ. ಕೇಳಿದಿರೋ, ಪಾಠಗಳ ಹೆಸರಿನ ಪಟ್ಟಿ ಬರುತ್ತದೆ. ಬರೆಯಲು ತಡವರಿಸುವ ಮಕ್ಕಳು ಚಿತ್ರ ಬಿಡಿಸಲಿ. ಐದು ನಿಮಿಷ ಕಳೆದ ಮೇಲೆ ಒಂದೊಂದು ಬೆಂಚಿನವರು ಬಂದು ಆಯಾ ತಿಂಗಳ ಕೆಳಗೆ ಚೀಟಿ ಅಂಟಿಸಲಿ. ಅಂಟಿಸುವ ಮುಂಚೆ ನೀವೊಮ್ಮೆ ಕಣ್ಣಾಡಿಸಬೇಕು. ಯಾರನ್ನಾದರೂ ಹಂಗಿಸುವ ಚೀಟಿ ಇದ್ದರೆ ಸದ್ದಿಲ್ಲದೆ ನಿಮ್ಮ ಕೈಯಲ್ಲೇ ಇಟ್ಟುಕೊಂಡು ಇನ್ನೊಂದು ಚೀಟಿ ಕೊಡಿ.

ಬರುವ ಚೀಟಿಗಳಲ್ಲಿ ಪಾಠದ ಮಾತು ಕಡಿಮೆಯೇ ಇರುತ್ತದೆ. ಕರೆಂಟ್ ಹೋದಾಗ ಕತ್ತಲಲ್ಲೇ ಕಥೆ ಕೇಳಿದ್ದು, ಪ್ರಯೋಗದ ಗಾಜಿನ ಲೋಟ ಒಡೆದದ್ದು, ಮಧ್ಯದಲ್ಲಿ ಸೇರಿದ ಹೊಸ ಹುಡುಗಿ ಮೊದಲ ದಿನ ಅತ್ತದ್ದು, ಭಿನ್ನರಾಶಿ ಇದ್ದಕ್ಕಿದ್ದಂತೆ ತಲೆಗೆ ಹತ್ತಿದ್ದು, ಇಂಥವೇ. ಒಂದೇ ಘಟನೆಯ ಬಗ್ಗೆ ಏಳೆಂಟು ಚೀಟಿ ಬಂದು ಒಂದು ತಿಂಗಳ ಕೆಳಗೆ ಗುಂಪು ಕಟ್ಟುತ್ತವೆ. ಇನ್ಯಾವುದೋ ತಿಂಗಳು ಬೋಳಾಗಿ ನಿಲ್ಲುತ್ತದೆ. ಮಾತು ಶುರುವಾಗಬೇಕಾದದ್ದು ಅಲ್ಲಿಂದಲೇ. 'ಈ ತಿಂಗಳು ಯಾಕೆ ಖಾಲಿ?' ಎಂದು ಕೇಳಿ ಸುಮ್ಮನಾಗಿ. 'ಆಗ ಬರೀ ಪರೀಕ್ಷೆ ಟೀಚರ್' ಎಂದು ಒಬ್ಬ ಹೇಳುತ್ತಾನೆ, 'ಆಗಲೇ ಅಲ್ವಾ ನಾವು ಗಿಡ ನೆಟ್ಟಿದ್ದು' ಎಂದು ಇನ್ನೊಬ್ಬಳು ನೆನಪಿಸುತ್ತಾಳೆ. ತರಗತಿಗೆ ತನ್ನದೇ ಒಂದು ಚರಿತ್ರೆ ಇದೆ ಎನ್ನುವುದು ಹತ್ತು ನಿಮಿಷದಲ್ಲಿ ಬೋರ್ಡ್ ಮೇಲೆ ಬಂದುಬಿಡುತ್ತದೆ. ಸಂಭ್ರಮ ಅಂದರೆ ಇದು, ಇದಕ್ಕೆ ಬಲೂನು ಬೇಕಾಗಿಲ್ಲ. ಚೀಟಿಗಳನ್ನು ಆಮೇಲೆ ತಿಂಗಳ ಪ್ರಕಾರವೇ ಒಂದು ನೋಟ್‌ಬುಕ್‌ಗೆ ಅಂಟಿಸಿಟ್ಟರೆ ವರ್ಷದ ಕೊನೆಗೆ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆಯನ್ನು 'ಈ ಕೋಣೆಯಲ್ಲಿ' ಎಂದು ಕಟ್ಟಿಹಾಕಿರುವುದಕ್ಕೆ ಕಾರಣವಿದೆ. 'ಕಳೆದ ವರ್ಷ ನಿನ್ನ ಬದುಕಿನಲ್ಲಿ ಏನಾಯಿತು' ಎಂದು ಕೇಳಿದರೆ ಒಂದು ಮಗು ಪ್ರವಾಸದ ಬಗ್ಗೆ ಬರೆಯುತ್ತದೆ, ಪಕ್ಕದಲ್ಲಿ ಕೂತಿರುವ ಮಗುವಿನ ಮನೆಯಲ್ಲಿ ಆ ವರ್ಷ ಸಾವಾಗಿರುತ್ತದೆ, ಅಥವಾ ಅಪ್ಪನ ಕೆಲಸ ಹೋಗಿರುತ್ತದೆ. ಎಲ್ಲರೆದುರು ಅದನ್ನು ಹೊರತೆಗೆಯುವ ಹಕ್ಕು ನಮಗಿಲ್ಲ. ಅಂಥ ಮಗು ತಾನಾಗಿ ಹೇಳಲು ಬಂದರೆ ಪೀರಿಯಡ್ ಮುಗಿದ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ.

ಇದಕ್ಕೆ ಇನ್ನೊಂದನ್ನು ಸೇರಿಸಬಹುದು. ಶಾಲೆ ಶುರುವಾದ ವಾರದ ನೋಟ್‌ಬುಕ್ ತೆಗೆಸಿ, ಅದರ ಮೊದಲ ಪುಟದ ಪಕ್ಕ ಡಿಸೆಂಬರಿನ ಕೊನೆಯ ಪುಟ ಇಡಿಸಿ. ನೀವೇನೂ ಹೇಳಬೇಡಿ. 'ನನಗೆ ಗಣಿತ ಬರಲ್ಲ' ಎನ್ನುವ ಹುಡುಗನಿಗೆ ಆರು ತಿಂಗಳ ಹಿಂದೆ ತಾನು ದಶಕ ತಗೊಳ್ಳುವುದರಲ್ಲೇ ಎಡವುತ್ತಿದ್ದದ್ದು ಅವನದೇ ಅಕ್ಷರದಲ್ಲಿ ಕಾಣುತ್ತದೆ. ಆಗ ಹೊಗಳಬೇಕೆನಿಸಿದರೆ ಎಚ್ಚರ. ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್ ಎಂಬ ಮನಶ್ಶಾಸ್ತ್ರಜ್ಞರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಿಮ್ಮ ಮಕ್ಕಳಷ್ಟೇ ವಯಸ್ಸಿನವರು ಇದ್ದರು. 'ನೀನು ಬುದ್ಧಿವಂತ' ಎಂದು ಹೊಗಳಿಸಿಕೊಂಡವರು ಕಷ್ಟದ ಒಗಟುಗಳಲ್ಲಿ ಒಮ್ಮೆ ಸೋತ ಮೇಲೆ ಬೇಗ ಕೈಚೆಲ್ಲಿದರು. 'ಚೆನ್ನಾಗಿ ಪ್ರಯತ್ನ ಪಟ್ಟೆ' ಎಂದು ಹೊಗಳಿಸಿಕೊಂಡವರು ಬಿಡದೆ ಅಂಟಿಕೊಂಡರು. ಆದ್ದರಿಂದ 'ಜಾಣ ಕಣೋ ನೀನು' ಎನ್ನುವ ಬದಲು 'ಈಗ ಹಂತ ಹಂತವಾಗಿ ಬರೆದಿದ್ದೀಯ, ಅದಕ್ಕೇ ತಪ್ಪು ಎಲ್ಲಿದೆ ಅಂತ ನಿನಗೇ ಗೊತ್ತಾಗುತ್ತಿದೆ' ಎನ್ನಿ.

ಈಗ ಪಾಲಕರ ಮಾತಿಗೆ ಬರೋಣ. 'ಇದು ನಮ್ಮ ಹೊಸ ವರ್ಷವಲ್ಲ' ಎನ್ನುವುದನ್ನು ಆಕ್ಷೇಪಣೆ ಎಂದುಕೊಂಡು ಸಮಜಾಯಿಷಿ ಕೊಡಲು ಹೋಗಬೇಡಿ. ಅದು ಒಳ್ಳೆಯ ಪ್ರಶ್ನೆ, ತರಗತಿಯ ಒಳಗೇ ತಂದುಬಿಡಿ: ಹೊಸ ವರ್ಷ ಯಾವ ದಿನ ಅಂತ ತೀರ್ಮಾನ ಮಾಡಿದವರು ಯಾರು? ಭೂಮಿ ಸೂರ್ಯನನ್ನು ಸುತ್ತುವ ದಾರಿಯಲ್ಲಿ 'ಇಲ್ಲಿಂದ ಶುರು' ಎಂಬ ಕಲ್ಲು ನೆಟ್ಟಿಲ್ಲ. ಜನವರಿ 1ರಂದು ಆಕಾಶದಲ್ಲಿ ವಿಶೇಷವೇನೂ ನಡೆಯುವುದಿಲ್ಲ. ಭೂಮಿ ಸೂರ್ಯನಿಗೆ ಅತ್ಯಂತ ಹತ್ತಿರ ಬರುವುದು ಸಾಮಾನ್ಯವಾಗಿ ಜನವರಿ 3ರಿಂದ 5ರ ಸುಮಾರಿಗೆ, ಕ್ಯಾಲೆಂಡರಿಗೂ ಅದಕ್ಕೂ ಸಂಬಂಧವಿಲ್ಲ. ಜನವರಿ 1 ಬಂದದ್ದು ರೋಮನ್ನರಿಂದ. ಅವರ ಕಾನ್ಸುಲ್‌ಗಳು, ಅಂದರೆ ವರ್ಷಕ್ಕೊಮ್ಮೆ ಬದಲಾಗುವ ಮುಖ್ಯ ಆಡಳಿತಗಾರರು, ಕ್ರಿ.ಪೂ. 153ರಿಂದ ಆ ದಿನ ಅಧಿಕಾರ ವಹಿಸಿಕೊಳ್ಳುತ್ತಿದ್ದರು. ಕ್ರಿ.ಪೂ. 45ರಲ್ಲಿ ಜೂಲಿಯಸ್ ಸೀಸರ್‌ನ ಹೊಸ ಪಂಚಾಂಗ ಜಾರಿಗೆ ಬಂದದ್ದೂ ಜನವರಿ 1ಕ್ಕೇ. ಅಂದರೆ ಇದು ಮೂಲದಲ್ಲಿ ಆಡಳಿತದ ಅನುಕೂಲ.

ಹಾಗೆಂದು ಎಲ್ಲರೂ ಒಪ್ಪಿಕೊಂಡರೇ? ಇಂಗ್ಲೆಂಡಿನಲ್ಲಿ ಶತಮಾನಗಳ ಕಾಲ ಕಾನೂನಿನ ಲೆಕ್ಕದ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು. ಅದನ್ನು ಜನವರಿ 1ಕ್ಕೆ ತರಲು 1751ನೇ ವರ್ಷವನ್ನು ಮಾರ್ಚ್ 25ಕ್ಕೆ ಆರಂಭಿಸಿ ಡಿಸೆಂಬರ್ 31ಕ್ಕೇ ಮುಗಿಸಿದರು. ಮರುವರ್ಷ, 1752ರಲ್ಲಿ, ಸೀಸರ್‌ನ ಪಂಚಾಂಗ ಬಿಟ್ಟು ಈಗಿನ ಗ್ರೆಗೋರಿಯನ್ ಕ್ಯಾಲೆಂಡರಿಗೆ ಬರಲು, ಸೆಪ್ಟೆಂಬರ್ 2ರ ಮರುದಿನ ನೇರವಾಗಿ ಸೆಪ್ಟೆಂಬರ್ 14. ಇಷ್ಟನ್ನು ಬೋರ್ಡ್ ಮೇಲೆ ಬರೆದು 'ಹಾಗಾದರೆ 1751ರಲ್ಲಿ ಎಷ್ಟು ದಿನ? 1752ರಲ್ಲಿ ಎಷ್ಟು?' ಎಂದು ಕೇಳಿ ನೋಡಿ. ಮಕ್ಕಳು ಬೆರಳ ಗೆಣ್ಣಿನ ಮೇಲೆ ತಿಂಗಳು ಎಣಿಸತೊಡಗುತ್ತಾರೆ. ಮೊದಲನೆಯದಕ್ಕೆ ಉತ್ತರ 282. ಎರಡನೆಯದರಲ್ಲಿ ಒಂದು ಗುಟ್ಟಿದೆ. 1752 ಅಧಿಕ ವರ್ಷ, ಆದ್ದರಿಂದ 366ರಲ್ಲಿ 11 ಕಳೆದು 355. ಫೆಬ್ರವರಿ 29ನ್ನು ಮರೆಯದೆ ಎಣಿಸಿದ ಮಗುವಿಗೆ ಇಡೀ ತರಗತಿ ಚಪ್ಪಾಳೆ ತಟ್ಟಲಿ.

ಬೇರೆ ಹೊಸ ವರ್ಷಗಳನ್ನು ಹೇಳುವಾಗ ಹೆಸರುಗಳನ್ನು ಪೇರಿಸುವುದಕ್ಕಿಂತ ಅವುಗಳ ಲೆಕ್ಕ ತೋರಿಸಿದರೆ ಮಕ್ಕಳಿಗೆ ಹೆಚ್ಚು ಹಿಡಿಸುತ್ತದೆ. ಇರಾನಿನ ಹೊಸ ವರ್ಷ ನೌರೂಜ್ ಹಗಲು ಇರುಳು ಸಮವಾಗುವ ಮಾರ್ಚಿನ ಗಳಿಗೆಯನ್ನು ಹಿಡಿಯುತ್ತದೆ. ಇಥಿಯೋಪಿಯಾದ ವರ್ಷಕ್ಕೆ 13 ತಿಂಗಳು: ಹನ್ನೆರಡು ತಿಂಗಳಿಗೆ ತಲಾ 30 ದಿನ, ಕೊನೆಯದಕ್ಕೆ ಐದೋ ಆರೋ. ಅಲ್ಲಿ ಹೊಸ ವರ್ಷ ಸೆಪ್ಟೆಂಬರ್ 11ಕ್ಕೆ, ಕೆಲವು ವರ್ಷ 12ಕ್ಕೆ. ಮುಸ್ಲಿಮರ ಹಿಜರಿ ವರ್ಷ ಪೂರ್ತಿ ಚಂದ್ರನದು, 354 ಅಥವಾ 355 ದಿನ. ಹಾಗಾಗಿ ಅದರ ಹೊಸ ವರ್ಷ ಪ್ರತಿ ಸಲ ಸುಮಾರು 11 ದಿನ ಹಿಂದೆ ಸರಿಯುತ್ತಾ 33 ವರ್ಷಗಳ ಸುಮಾರಿಗೆ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಚೀನೀ ವರ್ಷ ಮತ್ತು ನಮ್ಮ ಯುಗಾದಿ ಚಂದ್ರನನ್ನು ಹಿಡಿದರೂ ಆಗೊಮ್ಮೆ ಈಗೊಮ್ಮೆ ಅಧಿಕ ಮಾಸ ಸೇರಿಸಿ ಸೂರ್ಯನ ಜೊತೆ ರಾಜಿ ಮಾಡಿಕೊಳ್ಳುತ್ತವೆ. 'ನಮ್ಮದಲ್ಲ' ಎಂದ ಪಾಲಕರ ಮಗುವೇ ಎದ್ದು ನಿಂತು ತನ್ನ ಮನೆಯ ಹೊಸ ವರ್ಷ ಯಾವಾಗ ಬರುತ್ತದೆ, ಹೇಗೆ ಲೆಕ್ಕ ಹಾಕುತ್ತಾರೆ ಎಂದು ಹೇಳುವಂತಾದರೆ ಜಗಳಕ್ಕೆ ಜಾಗವೇ ಇರುವುದಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಗಳಿಗೆಲ್ಲ ಗುರುತು ಹಾಕಿಸಿ. ಆ ದಿನ ಬಂದಾಗ ಹಾಜರಿ ಕರೆಯುವ ಮುಂಚೆ ಎರಡು ನಿಮಿಷ ಅದರ ಬಗ್ಗೆ ಮಾತಾಡಲು ಮರೆಯಬೇಡಿ. ಮರೆತರೆ ಗುರುತು ಹಾಕಿಸಿದ್ದು ಬರೀ ತೋರಿಕೆಯಾಗುತ್ತದೆ.

ಗ್ಲೋಬ್ ಇದ್ದರೆ ಕಿಟಕಿ ಮುಚ್ಚಿ ಟಾರ್ಚ್ ಹಚ್ಚಿ. ಹೊಸ ವರ್ಷ ಭೂಮಿಗೆಲ್ಲ ಒಂದೇ ಸಲ ಬರುವುದಿಲ್ಲ ಎಂದು ತೋರಿಸಲು ಅಷ್ಟು ಸಾಕು. ಗ್ಲೋಬನ್ನು ಪಶ್ಚಿಮದಿಂದ ಪೂರ್ವಕ್ಕೆ ತಿರುಗಿಸಿ. ಗಂಟೆಗೆ 15 ಡಿಗ್ರಿ. ಪೆಸಿಫಿಕ್ ಸಾಗರದ ಕಿರಿಬಾಟಿ ದೇಶದ ಪೂರ್ವದ ದ್ವೀಪಗಳಲ್ಲಿ ಮೊದಲು ಜನವರಿ 1 ಹುಟ್ಟುತ್ತದೆ. ಅದು ಕೊನೆಯದಾಗಿ ಮುಟ್ಟುವುದು ಅದೇ ಸಾಗರದ, ಜನವಸತಿಯಿಲ್ಲದ ಬೇಕರ್ ಮತ್ತು ಹೌಲ್ಯಾಂಡ್ ದ್ವೀಪಗಳನ್ನು, 26 ಗಂಟೆಗಳ ನಂತರ. 'ದಿನಕ್ಕೆ 24 ಗಂಟೆ ತಾನೆ, 26 ಹೇಗೆ?' ಎಂದು ಯಾರಾದರೂ ಕೇಳೇ ಕೇಳುತ್ತಾರೆ. ದೇಶಗಳು ತಮ್ಮ ಅನುಕೂಲಕ್ಕೆ ದಿನಾಂಕ ರೇಖೆಯನ್ನು, ಅಂದರೆ ದಾಟಿದರೆ ತಾರೀಖು ಬದಲಾಗುವ ಗೆರೆಯನ್ನು, ಅತ್ತಿತ್ತ ಸರಿಸಿಕೊಂಡಿವೆ ಎಂದು ಆಗ ಹೇಳಬಹುದು. ಸಮೋವಾ ದೇಶ ಹೀಗೆ ರೇಖೆಯ ಇನ್ನೊಂದು ಬದಿಗೆ ಹೋಗಲು 2011ರಲ್ಲಿ ಡಿಸೆಂಬರ್ 30 ಎಂಬ ದಿನವನ್ನೇ ಬಿಟ್ಟುಬಿಟ್ಟಿತು. 29ರಂದು ಮಲಗಿದವರು ಎದ್ದಾಗ 31. ಆ ದಿನ ಹುಟ್ಟುಹಬ್ಬ ಇದ್ದವರ ಗತಿ ಏನು ಎಂಬ ಚರ್ಚೆ ಊಟದ ಬಿಡುವಿನವರೆಗೂ ನಡೆದರೆ ನಿಮ್ಮ ಆಚರಣೆ ಗೆದ್ದಂತೆ. ಜೊತೆಗೆ ಇನ್ನೊಂದು ಲೆಕ್ಕ: ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿ.ಮೀ. ಓಡುತ್ತದೆ. ನಿಮ್ಮ 40 ನಿಮಿಷದ ಪೀರಿಯಡ್ ಮುಗಿಯುವಷ್ಟರಲ್ಲಿ ಬೆಂಚಿನಿಂದ ಏಳದೆಯೇ ಎಲ್ಲರೂ 72 ಸಾವಿರ ಕಿ.ಮೀ. ಆಸುಪಾಸು ದೂರ ಹೋಗಿರುತ್ತಾರೆ.

ಇನ್ನು ಸಂಕಲ್ಪ. ಇದನ್ನು ಕೈಬಿಡಿ ಎನ್ನುವವರಿದ್ದಾರೆ, ನಾನು ಹಾಗೆ ಹೇಳುವುದಿಲ್ಲ. ಹೊಸ ವಾರ, ಹೊಸ ತಿಂಗಳು, ಹೊಸ ಸೆಮಿಸ್ಟರ್, ಹುಟ್ಟುಹಬ್ಬ ಇಂಥ ಗಡಿ ದಾಟಿದಾಗ ಜನ ಹೊಸ ಪ್ರಯತ್ನಕ್ಕೆ ಹೆಚ್ಚಾಗಿ ಕೈಹಾಕುತ್ತಾರೆ ಎಂದು ಹೆಂಗ್‌ಚೆನ್ ಡೈ, ಕ್ಯಾಥರೀನ್ ಮಿಲ್ಕ್‌ಮನ್, ಜೇಸನ್ ರೀಸ್ ಎಂಬ ಸಂಶೋಧಕರು 2014ರಲ್ಲಿ ತೋರಿಸಿದ್ದಾರೆ. ನೀವು ಗಮನಿಸಬೇಕಾದದ್ದು, ಅವರ ಪಟ್ಟಿಯಲ್ಲಿ ಸೋಮವಾರವೂ ಇದೆ. ಜನವರಿ 1 ತಪ್ಪಿದರೆ ಮುಂದಿನ ಜನವರಿಗೆ ಕಾಯಬೇಕಾಗಿಲ್ಲ. ಇದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಿ.

ಚಾರ್ಟ್ ಬೇಡ, ಒಂದೊಂದು ಕಾರ್ಡ್ ಕೊಡಿ. ಅದನ್ನು ನೋಡುವವರು ಇಬ್ಬರೇ, ಆ ಮಗು ಮತ್ತು ಅದು ಆರಿಸಿಕೊಂಡ ಒಬ್ಬ ಸ್ನೇಹಿತ ಅಥವಾ ಸ್ನೇಹಿತೆ. ನಿಮಗೆ ತೋರಿಸಲೇಬೇಕೆಂದಿಲ್ಲ. ಬರೆಯುವ ರೀತಿಗೆ ಮಾತ್ರ ಕಟ್ಟು ಇರಲಿ. ಪೀಟರ್ ಗೋಲ್‌ವಿಟ್ಸರ್ ಎಂಬ ಮನಶ್ಶಾಸ್ತ್ರಜ್ಞರ ಸಂಶೋಧನೆ ಹೇಳುವುದು ಸರಳ: 'ಮಾಡುತ್ತೇನೆ' ಎಂದಷ್ಟೇ ಅಂದುಕೊಂಡವರಿಗಿಂತ 'ಇಂಥ ಹೊತ್ತು ಬಂದರೆ ಇಂಥದ್ದು ಮಾಡುತ್ತೇನೆ' ಎಂದು ಜೋಡಿಸಿಟ್ಟುಕೊಂಡವರು ಹೆಚ್ಚು ಮಾಡಿ ಮುಗಿಸುತ್ತಾರೆ. 'ಗಣಿತ ಚೆನ್ನಾಗಿ ಕಲಿಯುತ್ತೇನೆ' ಎನ್ನುವುದನ್ನು ಬೋರ್ಡ್ ಮೇಲೆ ಬರೆದು ಮಕ್ಕಳ ಕೈಲೇ ಒಡೆಸಿ. ಯಾವಾಗ? ಎಲ್ಲಿ ಕೂತು? ಎಷ್ಟು? ಕೊನೆಗೆ ಅದು ಹೀಗಾಗಬಹುದು: 'ರಾತ್ರಿ ಊಟಕ್ಕೆ ತಟ್ಟೆ ಇಡುವ ಮೊದಲು ಎರಡು ಲೆಕ್ಕ ಮಾಡುತ್ತೇನೆ. ಅರ್ಥವಾಗದಿದ್ದರೆ ಅದಕ್ಕೆ ಸುತ್ತು ಹಾಕಿ, ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಪಕ್ಕದವಳನ್ನು ಕೇಳುತ್ತೇನೆ.' ಎರಡನೇ ವಾಕ್ಯ ಮುಖ್ಯ. ಮಕ್ಕಳು ಬಿಟ್ಟುಕೊಡುವುದು ಆ ಜಾಗದಲ್ಲೇ. ಓದಿನದ್ದೇ ಆಗಬೇಕೆಂದೂ ಇಲ್ಲ. 'ಊಟದ ಬಿಡುವಿನಲ್ಲಿ ಒಬ್ಬನೇ ಕೂತಿರುವವನು ಕಂಡರೆ ಆಟಕ್ಕೆ ಕರೆಯುತ್ತೇನೆ' ಎಂದು ಬರೆದ ಹುಡುಗನಿಗೆ ನೀವು ತಿದ್ದಬೇಕಾದದ್ದೇನೂ ಇಲ್ಲ.

21 ದಿನ ಮಾಡಿದರೆ ಅಭ್ಯಾಸವಾಗುತ್ತದೆ ಎಂದು ಮಾತ್ರ ಹೇಳಬೇಡಿ, ಎಲ್ಲ ಕಡೆ ಕೇಳಿಬರುವ ಮಾತಾದರೂ ಸರಿ. ಲಂಡನ್‌ನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತವರ ಸಂಗಡಿಗರು ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಅವಧಿ ಹಿಡಿಯಿತು: ಕನಿಷ್ಠ 18 ದಿನ, ಗರಿಷ್ಠ 254 ದಿನದ ಅಂದಾಜು, ನಡುವಿನ ಅಂಕಿ 66. ಅದು ದೊಡ್ಡವರ ಮೇಲೆ ನಡೆದದ್ದು ನಿಜ. ಆದರೆ ಅದರಲ್ಲಿ ಮಕ್ಕಳಿಗೂ ಹೇಳಬಹುದಾದ ಒಂದು ಸಂಗತಿಯಿದೆ: ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ. ಒಂದು ದಿನ ತಪ್ಪಿದ ಕೂಡಲೇ 'ಹೋಯಿತು' ಎಂದು ಕೈಬಿಡುವ ಮಕ್ಕಳಿಗೆ ಇದು ಗೊತ್ತಿರಲಿ. ಫೆಬ್ರವರಿಯ ಮೊದಲ ಸೋಮವಾರವನ್ನು ಈಗಲೇ ಗುರುತು ಹಾಕಿಕೊಳ್ಳಿ. ಅವತ್ತು ಜೋಡಿಗಳು ಕೂತು ಕಾರ್ಡ್ ತೆಗೆಯಲಿ, ಐದು ನಿಮಿಷ ಮಾತಾಡಲಿ. ಸಂಕಲ್ಪ ದೊಡ್ಡದಾಯಿತು ಅನಿಸಿದರೆ ಚಿಕ್ಕದು ಮಾಡಿಕೊಳ್ಳಲಿ, ಬೇಡವೆನಿಸಿದರೆ ಬದಲಾಯಿಸಲಿ. ಹೋದ ವರ್ಷದ ನಿಮ್ಮ ಚಾರ್ಟಿಗೆ ಇಲ್ಲದೆ ಹೋದದ್ದು ಈ ಸೋಮವಾರ.

ನಿಮಗೂ ಒಂದು ಸಂಕಲ್ಪ ಬೇಕು, ಅದನ್ನು ಮಕ್ಕಳೇ ಕೊಡಲಿ. 'ಈ ಕೋಣೆಯಲ್ಲಿ ನಾನು ಯಾವ ಒಂದು ವಿಷಯ ಬದಲಾಯಿಸಿಕೊಳ್ಳಬೇಕು?' ಎಂದು ಕೇಳಿ, ಹೆಸರಿಲ್ಲದ ಚೀಟಿಗಳನ್ನು ಡಬ್ಬಿಗೆ ಹಾಕಿಸಿ. 'ಹೋಂವರ್ಕ್ ಕೊಡಬೇಡಿ' ಎಂಬ ಚೀಟಿ ಬಂದೇ ಬರುತ್ತದೆ, ನಕ್ಕು ಬದಿಗಿಡಿ. 'ಪ್ರಶ್ನೆ ಕೇಳಿ ಉತ್ತರ ಹೇಳುವುದರೊಳಗೆ ಬೇರೆಯವರನ್ನು ಎಬ್ಬಿಸುತ್ತೀರಿ' ಎಂದೂ ಒಂದು ಬರಬಹುದು. ಅದನ್ನೇ ಹಿಡಿದುಕೊಳ್ಳಿ. ಮೇರಿ ಬಡ್ ರೋ ಎಂಬ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲೇ ತೋರಿಸಿದಂತೆ, ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುವುದು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, 'ಗೊತ್ತಿಲ್ಲ' ಎನ್ನುವುದು ಕಡಿಮೆಯಾಯಿತು. 'ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಮೂರು ಎಣಿಸುತ್ತೇನೆ' ಎಂದು ನಿಮ್ಮ ಕಾರ್ಡ್ ಮೇಲೆ ಬರೆದು ಎಲ್ಲರಿಗೂ ತೋರಿಸಿ. ನೀವು ತಪ್ಪಿದಾಗ ಮೂರು ಬೆರಳು ಎತ್ತಿ ನೆನಪಿಸುವ ಅಧಿಕಾರ ಅವರಿಗಿರಲಿ. ಆ ಅಧಿಕಾರವನ್ನು ಅವರು ಎಷ್ಟು ಉತ್ಸಾಹದಿಂದ ಚಲಾಯಿಸುತ್ತಾರೆ ಎಂಬುದಕ್ಕೆ ಮಾತ್ರ ಸಿದ್ಧರಾಗಿರಿ.

ಗ್ರೀಟಿಂಗ್ ಕಾರ್ಡ್ ಮಾಡಿಸುವುದಿದ್ದರೆ 'ಇಷ್ಟವಾದವರಿಗೆ ಕೊಡಿ' ಎನ್ನಬೇಡಿ. ಐದು ಜನರಿಗೆ ರಾಶಿ ಬಿದ್ದು ಹತ್ತು ಜನರ ಕೈ ಖಾಲಿ ಉಳಿಯುತ್ತದೆ. ಚೀಟಿ ಎತ್ತಿಸಿ, ಒಬ್ಬರಿಗೆ ಒಂದೇ. ಮನೆಯಿಂದ ಹಣ, ಉಡುಗೊರೆ, ಹೊಸ ಬಟ್ಟೆ ಯಾವುದೂ ಬೇಡ ಎಂದು ಹಿಂದಿನ ದಿನವೇ ತಿಳಿಸಿ. ಅಲಂಕಾರ ಮಕ್ಕಳಿಗೆ ಬಿಟ್ಟದ್ದು.

ಮುಖ್ಯೋಪಾಧ್ಯಾಯರಿಗೆ ಫೋಟೋ ಬೇಕಿದ್ದರೆ ಚೀಟಿ ತುಂಬಿದ ಬೋರ್ಡಿನ ಮುಂದೆ ತೆಗೆಸಿ, ಬಲೂನಿಗಿಂತ ಅದೇ ಚೆನ್ನಾಗಿ ಬರುತ್ತದೆ. ಸಂಕಲ್ಪದ ಕಾರ್ಡುಗಳು ಮಾತ್ರ ಫೋಟೋದಲ್ಲಿ ಬೀಳದಿರಲಿ. ಮತ್ತೆ, ರಜೆ ಮುಗಿದ ಮೊದಲ ದಿನ ಎಲ್ಲರೂ ಬಂದಿರುವುದಿಲ್ಲ. ಬಾರದವರ ಹೆಸರಿನಲ್ಲಿ ಒಂದೊಂದು ಖಾಲಿ ಚೀಟಿ, ಒಂದೊಂದು ಕಾರ್ಡ್ ತೆಗೆದಿಡಿ. ಬೋರ್ಡಿನ ಗೆರೆಯನ್ನು ವಾರದ ಮಟ್ಟಿಗೆ ಅಳಿಸದೆ ಬಿಡಿ, ಬಂದ ದಿನ ಅವರ ಬೆಂಚಿನವರೇ ಕರೆದುಕೊಂಡು ಹೋಗಿ ಅಂಟಿಸಲಿ.